ಗ್ರಾಫ್ ಹಾಳೆ, ಪೆನ್ಸಿಲ್, ರಟ್ಟಿನ ತುಂಡು: ನಮ್ಮ ಮನೆಯ ನಕ್ಷೆ ಬರೆದ ಬಗೆ

ಮನೆ ಕಟ್ಟಿಸಲು ಹೊರಟವರು ನನ್ನನ್ನು ಮೊದಲು ಕೇಳುವುದು, ನಕ್ಷೆ ಬರೆಯಲು ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು. ನಾನು ಎಂಜಿನಿಯರ್ ಅಲ್ಲ. ಮೈಸೂರಿನ 30×40 ಸೈಟಿನಲ್ಲಿ ನಮ್ಮ ಮನೆಯ ಕೋಣೆಗಳನ್ನು ನಾನೇ ಹಾಳೆಯ ಮೇಲೆ ಜೋಡಿಸಿ, ಆ ಹಾಳೆಯನ್ನು ಎಂಜಿನಿಯರ್ ಕೈಗೆ ಕೊಟ್ಟು ಕಟ್ಟಿಸಿದವನು. ಆಮೇಲೆ ತಂಗಿಯ ಮನೆಗೂ ಕೆಲವು ನೆಂಟರ ಮನೆಗಳಿಗೂ ಇದೇ ಕೆಲಸಕ್ಕೆ ಕುಳಿತೆ. ಅಷ್ಟರಲ್ಲಿ ನನಗೆ ಖಚಿತವಾದದ್ದು ಇದು: ಮೊದಲು ಟೇಪು, ಆಮೇಲೆ ಗ್ರಾಫ್ ಹಾಳೆ, ಕಂಪ್ಯೂಟರಿನ ಸರದಿ ಕೊನೆಗೆ. ಆ ಮನೆಯಲ್ಲಿ ಬಾಳುವವರೆಲ್ಲ ಕೈಹಾಕಿ ಅಳಿಸಿ ತಿದ್ದಲು ಬರುವಂಥ ಸಲಕರಣೆಯಲ್ಲೇ ನಕ್ಷೆ ಹುಟ್ಟಬೇಕು. ಅಡುಗೆ ಮಾಡುವವರಿಗೆ ತಿದ್ದಲಾಗದ ಅಡುಗೆಮನೆಯ ನಕ್ಷೆ ಎಷ್ಟು ಚೆಂದವಿದ್ದರೂ ನನಗೆ ಒಪ್ಪಿಗೆಯಿಲ್ಲ.

ಟೇಪು ಎರಡು ಬೇಕು: ಸೈಟಿಗೆ 30 ಮೀಟರಿನ ಫೈಬರ್ ಟೇಪು, ಒಳಗಿನ ಅಳತೆಗೆ 5 ಮೀಟರಿನ ಉಕ್ಕಿನ ಟೇಪು. ಕ್ರಯಪತ್ರದಲ್ಲಿ 30×40 ಎಂದಿದ್ದ ಮಾತ್ರಕ್ಕೆ ನೆಲದ ಮೇಲೂ ಹಾಗೆಯೇ ಇರಬೇಕೆಂದಿಲ್ಲ. ನಾಲ್ಕು ಬದಿಗಳ ಜೊತೆ ಎರಡು ಕರ್ಣಗಳನ್ನೂ ಅಳೆಯಬೇಕು. ಈ ಅಳತೆಯ ಸೈಟಿಗೆ ಒಂದು ಅನುಕೂಲವಿದೆ. ಶಾಲೆಯಲ್ಲಿ ಕಲಿತ 3-4-5ರ ತ್ರಿಕೋನವೇ ಇಲ್ಲಿ ಹತ್ತು ಪಟ್ಟು ದೊಡ್ಡದಾಗಿ ಕೂತಿದೆ. ಮೂಲೆಗಳು ಸರಿಯಾಗಿದ್ದರೆ ಕರ್ಣ 50 ಅಡಿ ಬರಲೇಬೇಕು. ನಮ್ಮಲ್ಲಿ ಒಂದು ಕರ್ಣ 50 ಅಡಿ ಬಂತು, ಇನ್ನೊಂದು ಮೂರು ಅಂಗುಲ ಕಡಿಮೆ. ಹಿಂಬದಿ ಅಳೆದರೆ 30 ಅಡಿಗೆ ಐದು ಅಂಗುಲ ಕಡಿಮೆ. ಹಿಂದಿನ ಒಂದು ಮೂಲೆ ಒಳಕ್ಕೆ ಬಂದಿದೆ ಎಂದು ಲೆಕ್ಕವೇ ಹೇಳಿಬಿಟ್ಟಿತು. ಐದು ಅಂಗುಲವೆಂದರೆ ಒಂದು ಒಳಗೋಡೆಯ ದಪ್ಪ. ಅದನ್ನು ಪಾಯಕ್ಕೆ ಗುರುತು ಹಾಕುವ ಮಾರ್ಕಿಂಗ್ ದಿನ ಕಂಡುಕೊಳ್ಳುವುದಕ್ಕಿಂತ ಮೊದಲೇ ಹಾಳೆಯ ಮೇಲೆ ಕಂಡುಕೊಳ್ಳುವುದು ಎಷ್ಟೋ ಮೇಲು.

ಲೇಸರ್ ಅಳತೆಗೋಲು ಹಳೆಯ ಮನೆಯ ಕೋಣೆಗಳಿಗೆ ಬಹಳ ಒಳ್ಳೆಯದು. ಖಾಲಿ ಸೈಟಿನಲ್ಲಿ ಬಿಸಿಲಿಗೆ ಅದರ ಚುಕ್ಕಿ ಕಣ್ಣಿಗೆ ಬೀಳುವುದೇ ಕಷ್ಟ, ಬೆಳಕು ತಾಗಿ ಬರಲು ಗೋಡೆಯೂ ಇರುವುದಿಲ್ಲ. ಮೊಬೈಲ್ ಕ್ಯಾಮೆರಾದಲ್ಲಿ ಅಳೆಯುವ ಆ್ಯಪ್‌ಗಳನ್ನು ಸೋಫಾ ಕೊಳ್ಳುವಾಗ ಬಳಸುತ್ತೇನೆ, ಗೋಡೆಗೆ ಬಳಸುವುದಿಲ್ಲ.

ಇನ್ನು ಹಾಳೆ. ಹೈಸ್ಕೂಲು ಮಕ್ಕಳು ಬಳಸುವ ಮಿಲಿಮೀಟರ್ ಗ್ರಾಫ್ ಹಾಳೆಯೇ ಸಾಕು. ಅಳತೆ ಪ್ರಮಾಣವನ್ನು ನಾನು 5 ಮಿಲಿಮೀಟರಿಗೆ ಒಂದು ಅಡಿ ಎಂದು ಹಿಡಿಯುತ್ತೇನೆ. ಆಗ 30×40 ಸೈಟು 15×20 ಸೆಂಟಿಮೀಟರಿಗೆ ಇಳಿದು ಎ4 ಹಾಳೆಯಲ್ಲಿ ಸುತ್ತ ಬರೆಯಲು ಜಾಗ ಉಳಿಸಿಕೊಂಡು ಕೂರುತ್ತದೆ. ಜೆರಾಕ್ಸ್ ಮಾಡಿಸುವುದೂ ಸುಲಭ. ಒಂಬತ್ತು ಅಂಗುಲದ ಗೋಡೆ ಹೆಚ್ಚುಕಡಿಮೆ ನಾಲ್ಕು ಸಣ್ಣ ಚೌಕ, ನಾಲ್ಕೂವರೆ ಅಂಗುಲದ ಗೋಡೆ ಎರಡು ಚೌಕ. ಓರೆ ಇರುವ ಸೈಟನ್ನು ಬರೆಯಲು ಕರ್ಣದಿಂದ ಕಂಸ ಎಳೆಯಬೇಕು, ಶಾಲೆಯ ಕೈವಾರ 25 ಸೆಂಟಿಮೀಟರ್ ತೆರೆದುಕೊಳ್ಳುವುದಿಲ್ಲ. ರಟ್ಟಿನ ಉದ್ದ ಪಟ್ಟಿಗೆ ಎರಡು ತೂತು ಮಾಡಿ, ಒಂದಕ್ಕೆ ಗುಂಡುಸೂಜಿ, ಇನ್ನೊಂದಕ್ಕೆ ಪೆನ್ಸಿಲ್ ಮೊನೆ ಇಟ್ಟರೆ ಕೆಲಸ ನಡೆಯುತ್ತದೆ.

ಗೋಡೆಗೆ ದಪ್ಪ ಕೊಟ್ಟು ಬರೆಯಲೇಬೇಕು ಎಂಬುದು ನನ್ನ ಹಟ. ಒಂಟಿ ಗೆರೆಯ ನಕ್ಷೆ ನಂಬಿಸಿ ಕೈಬಿಡುತ್ತದೆ. ನಗರ ಸಂಸ್ಥೆಯ ನಿಯಮದಂತೆ ಸುತ್ತ ಜಾಗ ಬಿಟ್ಟ ಮೇಲೆ ನಮಗೆ ಕಟ್ಟಲು ಸಿಕ್ಕ ಅಗಲ 24 ಅಡಿ. ಅಕ್ಕಪಕ್ಕ ಎರಡು ಕೋಣೆ ಎಂದರೆ 12, 12 ಎಂದು ಬಾಯಲ್ಲಿ ಹೇಳುತ್ತೇವೆ. ಆದರೆ ಎರಡು ಹೊರಗೋಡೆ, ನಡುವೆ ಒಂದು ಗೋಡೆ, ಮೂರೂ ಒಂಬತ್ತು ಅಂಗುಲದವಾದರೆ ಎರಡೂಕಾಲು ಅಡಿ ಅಲ್ಲೇ ಹೋಯಿತು. ಉಳಿದದ್ದು 21 ಅಡಿ 9 ಅಂಗುಲ. ಗಾರೆ ಎರಡೂ ಬದಿ ಅರ್ಧರ್ಧ ಅಂಗುಲ ತಿನ್ನುತ್ತದೆ. ಈ ಲೆಕ್ಕ ಹಾಳೆಯ ಮೇಲೆ ಮೊದಲ ಸಂಜೆಯೇ ಎದುರಿಗೆ ಬಂದರೆ, ಯಾವ ಕೋಣೆ ಹಿಗ್ಗಬೇಕು, ಯಾವುದು ಕುಗ್ಗಬಹುದು ಎಂಬ ಮಾತು ಮನೆಯೊಳಗೇ ತೀರ್ಮಾನವಾಗುತ್ತದೆ.

ಈ ಮಾತುಕತೆಗೆ ನನಗೆ ಅತ್ಯಂತ ಉಪಯೋಗಕ್ಕೆ ಬಂದ ಸಲಕರಣೆ ಹಳೆಯ ಲಗ್ನಪತ್ರಿಕೆಯ ರಟ್ಟು. ಮನೆಯಲ್ಲಿರುವ ಪ್ರತಿಯೊಂದು ದೊಡ್ಡ ಸಾಮಾನನ್ನು ಅಳೆದು, ಅದೇ ಪ್ರಮಾಣದಲ್ಲಿ ಕತ್ತರಿಸಿ, ಮೇಲೆ ಹೆಸರು ಬರೆದೆ. 5×6½ ಅಡಿಯ ಮಂಚ ಎರಡೂವರೆ ಸೆಂಟಿಮೀಟರಿಗೆ ಮೂರೂಕಾಲು ಸೆಂಟಿಮೀಟರಿನ ತುಂಡು. ಬೀರು, ಫ್ರಿಜ್, ಊಟದ ಮೇಜು, ಅಪ್ಪನ ಆರಾಮಕುರ್ಚಿ, ವಾಷಿಂಗ್ ಮೆಷಿನ್, ಎಲ್ಲಕ್ಕೂ ಒಂದೊಂದು ತುಂಡು. ಮೂರು ಅಡಿಯ ಬಾಗಿಲಿಗೆ ಒಂದೂವರೆ ಸೆಂಟಿಮೀಟರ್ ತ್ರಿಜ್ಯದ ಕಾಲು ವೃತ್ತ ಕತ್ತರಿಸಿದೆ, ಬಾಗಿಲು ತೆರೆದಾಗ ಎಷ್ಟು ಜಾಗ ಹಿಡಿಯುತ್ತದೆ ಎಂದು ಕಾಣಲು. ಊಟವಾದ ಮೇಲೆ ಹಾಳೆಯನ್ನು ನಡುಮನೆಯಲ್ಲಿ ಹರಡಿದರೆ ಎಲ್ಲರೂ ತುಂಡುಗಳನ್ನು ಸರಿಸತೊಡಗುತ್ತಿದ್ದರು. ಮಂಚ ಇಟ್ಟರೆ ಬೀರುವಿನ ಬಾಗಿಲು ತೆರೆಯುವುದಿಲ್ಲ ಎಂದು ಕಂಡುಹಿಡಿದದ್ದು ಮಗಳು. ಅಡುಗೆಮನೆಯ ಮೇಲೆ ಬೆರಳಿಟ್ಟು ಅಮ್ಮ ಕೇಳಿದ ಪ್ರಶ್ನೆ ಒಂದೇ: "ಕುಕ್ಕರ್ ಇಳಿಸಿ ಎಲ್ಲಿಡಲಿ?" ಒಲೆಯ ಎಡಕ್ಕೆ ಸಿಂಕು, ಬಲಕ್ಕೆ ಗೋಡೆ, ಪಾತ್ರೆ ಇಳಿಸಲು ಜಾಗವೇ ಇರಲಿಲ್ಲ. ಆಗ್ನೇಯ ಮೂಲೆ ಬಿಡಕೂಡದು ಎಂಬುದೂ ಅವರದೇ ಮಾತು. ಒಲೆಯನ್ನು ಗೋಡೆಯಿಂದ ಎರಡು ಅಡಿ ಈಚೆಗೆ ತಂದು ಎರಡನ್ನೂ ಹೊಂದಿಸಿದೆವು. ಎರಡೂ ಬದಿ ಎರಡೆರಡು ಅಡಿಯ ಕಟ್ಟೆ, ನಡುವೆ ಇಬ್ಬರು ಓಡಾಡಲು ನಾಲ್ಕು ಅಡಿ, ಒಟ್ಟು ಎಂಟು ಅಡಿ ಅಗಲ ಬೇಕೆಂದು ಗೊತ್ತಾದದ್ದೂ ಅದೇ ಸಂಜೆ. ಅನುಮಾನ ಉಳಿದದ್ದಕ್ಕೆ ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ನಿಜ ಅಳತೆಯ ಅಡುಗೆಮನೆ ಎಳೆದೆ. ಅಮ್ಮ ಅದರೊಳಗೆ ನಿಂತು, ತಿರುಗಿ, ಬಗ್ಗಿ ನೋಡಿ ಸರಿ ಎಂದ ಮೇಲೆಯೇ ಆ ಗೋಡೆಗಳಿಗೆ ಶಾಯಿ.

ಮೆಟ್ಟಿಲಿನ ವಿಷಯದಲ್ಲಿ ಮಾತ್ರ ಪೆನ್ಸಿಲಿಗಿಂತ ಮೊದಲು ಲೆಕ್ಕ ಬೇಕು. ಒಂದು ಮೂಲೆಯಲ್ಲಿ ಸಣ್ಣ ಚೌಕ ಹಾಕಿ "ಮೆಟ್ಟಿಲು" ಎಂದು ಬರೆದಿಟ್ಟ ನಕ್ಷೆಗಳನ್ನು ಬಹಳ ನೋಡಿದ್ದೇನೆ. ನೆಲದಿಂದ ಸೂರಿಗೆ ಹತ್ತು ಅಡಿ, ಮೇಲೆ ಐದು ಅಂಗುಲದ ಮೋಲ್ಡು, ಒಟ್ಟು ಹತ್ತಬೇಕಾದದ್ದು 125 ಅಂಗುಲ. ಇಪ್ಪತ್ತು ಹೆಜ್ಜೆ ಮಾಡಿದರೆ ಒಂದೊಂದರ ಎತ್ತರ ಆರೂಕಾಲು ಅಂಗುಲ. ವಯಸ್ಸಾದವರ ಮೊಣಕಾಲಿಗೆ ಹಿತ. ನಡುವೆ ತಿರುವು ಕೊಟ್ಟರೆ ಹತ್ತು, ಹತ್ತು. ಹತ್ತನೆಯ ಹೆಜ್ಜೆ ತಿರುವಿನ ಕಟ್ಟೆಯ ಮೇಲೆಯೇ ಬೀಳುವುದರಿಂದ ಒಂದು ಬದಿಗೆ ಹತ್ತು ಅಂಗುಲ ಅಗಲದ ಒಂಬತ್ತು ಮೆಟ್ಟಿಲು, ಏಳೂವರೆ ಅಡಿ. ತಿರುವಿನ ಕಟ್ಟೆಗೆ ಮೂರು ಅಡಿ. ಅಲ್ಲಿಗೆ ಉದ್ದ ಹತ್ತೂವರೆ ಅಡಿ, ಅಗಲ ಆರಡಿಗಿಂತ ತುಸು ಹೆಚ್ಚು. ರಾಷ್ಟ್ರೀಯ ಕಟ್ಟಡ ಸಂಹಿತೆ ಮನೆಗಳಲ್ಲಿ ಮೆಟ್ಟಿಲಿನ ಅಗಲ 250 ಮಿಲಿಮೀಟರಿಗಿಂತ ಕಡಿಮೆ, ಎತ್ತರ 190 ಮಿಲಿಮೀಟರಿಗಿಂತ ಹೆಚ್ಚು ಇರಬಾರದು ಎನ್ನುತ್ತದೆ. ನಮ್ಮದು ಎರಡಕ್ಕೂ ಹೊಂದುತ್ತದೆ. ಅದೇ ಹಾಳೆಯ ಅಂಚಿನಲ್ಲಿ ಮೆಟ್ಟಿಲಿನ ಪಕ್ಕನೋಟವನ್ನೂ ಎಳೆದು ನೋಡಬೇಕು. ತಿರುವಿನ ಕಟ್ಟೆಯ ಕೆಳಗೆ ಶೌಚಾಲಯ ಮಾಡಬಹುದೆಂದು ಹಲವರು ಹೇಳಿದ್ದರು. ಎಳೆದು ನೋಡಿದರೆ ಅಲ್ಲಿ ಸಿಗುವ ಎತ್ತರ ಐದಡಿಗಿಂತ ಕಡಿಮೆ, ನಿಲ್ಲಲೂ ಆಗದು. ಯುಪಿಎಸ್ ಬ್ಯಾಟರಿಗೂ ಖಾಲಿ ಡಬ್ಬಗಳಿಗೂ ಆ ಜಾಗ ಕೊಟ್ಟೆವು.

ಮೇಲಿನ ಮಹಡಿಗೆ ಟ್ರೇಸಿಂಗ್ ಹಾಳೆ. ಕೆಳಗಿನ ನಕ್ಷೆಯ ಮೇಲೆ ಅದನ್ನು ಹಾಸಿ ಬರೆದರೆ ಬಚ್ಚಲಿನ ಮೇಲೆ ಬಚ್ಚಲು, ಗೋಡೆಯ ಮೇಲೆ ಗೋಡೆ ಬರುತ್ತದೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಇಷ್ಟಾದ ಮೇಲೆ ಕಂಪ್ಯೂಟರ್. ನಾನು ಆರಿಸಿಕೊಂಡದ್ದು ಸ್ವೀಟ್ ಹೋಮ್ ತ್ರೀಡಿ. ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಗ್ರಾಫ್ ಹಾಳೆಯ ಫೋಟೋವನ್ನೇ ಹಿನ್ನೆಲೆಯಾಗಿ ಹಾಕಿ, ಗೊತ್ತಿರುವ ಒಂದು ಗೆರೆಯ ಉದ್ದ ಹೇಳಿದರೆ ಪ್ರಮಾಣ ತಾನೇ ಹೊಂದಿಕೊಳ್ಳುತ್ತದೆ, ಅದರ ಮೇಲೆ ಗೋಡೆ ಎಳೆಯುತ್ತ ಹೋಗಬಹುದು. ಅಡಿ-ಅಂಗುಲಕ್ಕೆ ಬದಲಾಯಿಸಿಕೊಳ್ಳುವುದು, ಗೋಡೆಯ ದಪ್ಪವನ್ನು ನಮ್ಮದಕ್ಕೆ ಸರಿಮಾಡುವುದು, ಈ ಎರಡನ್ನು ಮೊದಲೇ ಮಾಡಬೇಕು. ದಿಕ್ಕು, ಊರಿನ ಅಕ್ಷಾಂಶ, ದಿನ, ಹೊತ್ತು ಕೊಟ್ಟರೆ ಬಿಸಿಲು ಎಲ್ಲಿ ಬೀಳುತ್ತದೆ ಎಂದೂ ಚಿತ್ರದಲ್ಲಿ ತೋರಿಸುತ್ತದೆ. ಪಡುವಣ ಕಿಟಕಿಗೆ ಎರಡು ಅಡಿಯ ಸಜ್ಜಾ ಬೇಕೆಂದು ನಿರ್ಧರಿಸಿದ್ದು ಅದನ್ನು ನೋಡಿಯೇ. ಸ್ಕೆಚ್‌ಅಪ್ ಮನೆಯ ಮುಂಭಾಗದ ಅಂದ ನೋಡಲು ಚೆನ್ನ. ಗೆರೆಯ ನಕ್ಷೆಯೊಂದೇ ಸಾಕೆಂದರೆ ಲಿಬ್ರೆಕ್ಯಾಡ್ ಇದೆ. ಆಟೋಕ್ಯಾಡ್ ವೃತ್ತಿಯವರದು, ಒಂದು ಮನೆಗಾಗಿ ಅದನ್ನು ಕಲಿಯಲು ಕೂರುವುದು ನನ್ನ ಮಟ್ಟಿಗೆ ಬೇಡದ ಶ್ರಮ.

ಎಂಜಿನಿಯರಿಗೆ ಕೊಟ್ಟ ಹಾಳೆಯಲ್ಲಿ ಒಂದು ಮಾತನ್ನು ದೊಡ್ಡದಾಗಿ ಬರೆದಿದ್ದೆ: ಎಲ್ಲ ಅಳತೆಯೂ ಗೋಡೆಯ ಒಳಮೈಯಿಂದ ಒಳಮೈಗೆ, ಗಾರೆಗೆ ಮೊದಲು. ಮೇಸ್ತ್ರಿ ನಕ್ಷೆ ಕೈಗೆ ತೆಗೆದುಕೊಂಡ ಕೂಡಲೇ ಕೇಳುವುದೂ ಅದನ್ನೇ: "ಸಾರ್, ಇದು ಒಳ ಅಳತೆಯೋ, ಗೋಡೆಯ ಮಧ್ಯದಿಂದ ಮಧ್ಯಕ್ಕೋ?" ಗೂಟ ಹೊಡೆದು ದಾರ ಕಟ್ಟುವುದು ಮಧ್ಯಗೆರೆಯ ಮೇಲೆ, ಅದಕ್ಕೆ ಬೇಕಾದ ನಕ್ಷೆಯನ್ನು ಎಂಜಿನಿಯರ್ ಬೇರೆಯೇ ಮಾಡಿಕೊಟ್ಟರು. ಕಂಬ, ತೊಲೆ, ಪಾಯದ ಆಳ, ಕಬ್ಬಿಣದ ಲೆಕ್ಕಗಳಿಗೆ ನಾನು ಕೈಹಾಕಲಿಲ್ಲ, ಯಾರೂ ಹಾಕಬಾರದು. ನಡುಮನೆಯ ಒಂದು ಗೋಡೆಯನ್ನು ಕಂಬದ ಸಾಲಿಗೆ ತರಲು ಅವರು ನಾಲ್ಕೂವರೆ ಅಂಗುಲ ಸರಿಸಿದರು. ಆರಾಮಕುರ್ಚಿಯ ತುಂಡನ್ನು ಮತ್ತೆ ಇಟ್ಟು ನೋಡಿ, ಜಾಗ ಸಾಲುತ್ತದೆಂದು ಖಚಿತವಾದ ಮೇಲೆ ಒಪ್ಪಿದೆವು.

ಹಾಳೆಯ ಕೆಲಸ ಮನೆ ಮುಗಿದ ಮೇಲೂ ಮುಗಿಯಲಿಲ್ಲ. ಗಾರೆಗೆ ಮೊದಲು ಗೋಡೆಯೊಳಗಿನ ನೀರಿನ ಪೈಪು, ವೈರಿನ ಪೈಪುಗಳನ್ನು ಹತ್ತಿರದ ಮೂಲೆಯಿಂದಲೂ ನೆಲದಿಂದಲೂ ಅಳೆದು ನಕ್ಷೆಯ ಜೆರಾಕ್ಸ್ ಪ್ರತಿಯಲ್ಲಿ ಗುರುತು ಹಾಕಿಕೊಂಡೆ: ನೀರಿಗೆ ನೀಲಿ, ವಿದ್ಯುತ್ತಿಗೆ ಕೆಂಪು. ಗೀಸರ್ ಕೂರಿಸಲು ಬಂದವರಿಗೆ ಡ್ರಿಲ್ ಹಿಡಿಯುವ ಮೊದಲು ಆ ಪ್ರತಿಯನ್ನು ಕೊಟ್ಟೆ. ಅವರು ನೋಡಿ, ತೂತಿನ ಜಾಗವನ್ನು ಪೈಪಿನಿಂದ ಒಂದು ಗೇಣು ಆಚೆಗೆ ಗುರುತು ಮಾಡಿಕೊಂಡು ಕೆಲಸ ಶುರುಮಾಡಿದರು.