ಹತ್ತು ಗಂಟೆಯ ಊಟ ಆರೂವರೆಗೆ ಬಂತು

ನನಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. ಹನುಮಂತನಗರದಲ್ಲಿ ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ ಇದೆ. ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕಿ, ಮನೆಗೆ ಹೋಗಿ ಉಣ್ಣುವಾಗ ಹತ್ತು. ಉಂಡ ಕೂಡಲೇ ನಿದ್ದೆ. ಕಳೆದ ವರ್ಷ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ, 8.4 ಬಂತು. 6.5 ಮುಟ್ಟಿದರೇ ಡಯಾಬಿಟಿಸ್ ಅನ್ನುತ್ತಾರೆ.

ಅದೇ ಹೊತ್ತಿಗೆ ಗಿರಾಕಿಯೊಬ್ಬರು 16 ಗಂಟೆ ಉಪವಾಸದ ವಿಷಯ ಹೇಳಿದರು. ಉಳಿದ 8 ಗಂಟೆಯೊಳಗೇ ಊಟ ತಿಂಡಿ ಎಲ್ಲ. ನಮ್ಮಮ್ಮ ವಾರಕ್ಕೊಂದು ಒಪ್ಪೊತ್ತು ಮಾಡುತ್ತಿದ್ದರಲ್ವಾ, ನನಗೇನು ಕಷ್ಟ ಅಂದುಕೊಂಡೆ. ಮಾರನೇ ದಿನವೇ ತಿಂಡಿ ಬಿಟ್ಟೆ. ಡಾಕ್ಟರಿಗೆ ಹೇಳಲಿಲ್ಲ. ಅದು ನನ್ನದೇ ತಪ್ಪು.

ನಾಲ್ಕನೇ ದಿನ ಹನ್ನೆರಡರ ಹೊತ್ತಿಗೆ ಸೂಜಿಗೆ ದಾರ ಪೋಣಿಸುತ್ತಿದ್ದೆ. ಮೂರು ಸಲ ತಪ್ಪಿತು. ಕೈ ನಡುಗುತ್ತಿತ್ತು. ಕತ್ತಿನ ಹಿಂದೆ ತಣ್ಣನೆ ಬೆವರು, ಎದೆ ಡವಡವ. ಸಕ್ಕರೆ ಅಳೆಯುವ ಮೀಟರಿನಲ್ಲಿ ನೋಡಿದರೆ 58! 70ಕ್ಕಿಂತ ಕೆಳಗೆ ಇಳಿದರೆ ಸುಮ್ನೆ ಕೂರುವ ಹಾಗಿಲ್ಲ. ಅಂಗಡಿಯ ಹುಡುಗಿ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕದಡಿ ಕುಡಿಸಿದಳು. ಹದಿನೈದು ನಿಮಿಷ ಬಿಟ್ಟು ನೋಡಿದಾಗ 84. ಆಮೇಲೆ ಊಟ ಮಾಡಿದೆ.

ಸಂಜೆಯೇ ಡಾಕ್ಟರ ಹತ್ತಿರ ಹೋದೆ. ನಾನು ತೆಗೆದುಕೊಳ್ಳುತ್ತಿದ್ದದ್ದು ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್. ಈ ಗ್ಲಿಮೆಪಿರೈಡ್ ಹೊಟ್ಟೆಯಲ್ಲಿ ಅನ್ನ ಇರಲಿ ಬಿಡಲಿ, ಸಕ್ಕರೆ ಇಳಿಸುವ ಇನ್ಸುಲಿನ್ ಹೊರಡಿಸುತ್ತದೆ. ಬರೀ ಮೆಟ್‌ಫಾರ್ಮಿನ್ ಆಗಿದ್ದರೆ ಸಕ್ಕರೆ ಹೀಗೆ ಕುಸಿಯುವುದು ಅಪರೂಪ. ಡಾಕ್ಟರು ಗ್ಲಿಮೆಪಿರೈಡ್ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. "ತಿಂಡಿ ಬಿಡಬೇಡಿ, ರಾತ್ರಿ ಊಟ ಬೇಗ ಮುಗಿಸಿ" ಅಂದರು.

ಯಾಕೆ ಅಂತ ಕೇಳಿದೆ. ಬೆಳಗಿನ ಹೊತ್ತು ಮೈ ಇನ್ಸುಲಿನ್ನಿಗೆ ಚೆನ್ನಾಗಿ ಬಗ್ಗುತ್ತದಂತೆ, ರಾತ್ರಿ ಅಷ್ಟಿಲ್ಲ. 2018ರಲ್ಲಿ ಅಮೆರಿಕದಲ್ಲಿ ಡಯಾಬಿಟಿಸ್ ಅಂಚಿನಲ್ಲಿದ್ದ ಎಂಟು ಗಂಡಸರು ಐದು ವಾರ ಮಧ್ಯಾಹ್ನ ಮೂರರೊಳಗೇ ದಿನದ ಊಟವೆಲ್ಲ ಮುಗಿಸಿದರು. ತೂಕ ಇಳಿಯದಿದ್ದರೂ ಇನ್ಸುಲಿನ್ ಕೆಲಸ ಸುಧಾರಿಸಿತು. ಎಂಟೇ ಜನರ ಸಣ್ಣ ಪ್ರಯೋಗ, ನಿಜ. ಆದರೆ ನನ್ನ ಮೀಟರೂ ಅದನ್ನೇ ಹೇಳಿತು.

ಈಗ ಆರೂವರೆಗೆ ಅಂಗಡಿಯಲ್ಲೇ ಡಬ್ಬಿ ಬಿಚ್ಚುತ್ತೇನೆ. ಕಿತ್ತಳೆ ಗಾತ್ರದ ಒಂದು ಮುದ್ದೆ, ಬಸ್ಸಾರು, ಸೊಪ್ಪು ಕಾಳಿನ ಪಲ್ಯ. ಪಲ್ಯ ಮೊದಲು, ಮುದ್ದೆ ಆಮೇಲೆ. ರಾಗಿ ಒಳ್ಳೆಯದು ಅಂತ ಎರಡು ಮುದ್ದೆ ನುಂಗಿದರೆ ಅದೂ ಸಕ್ಕರೆ ಏರಿಸುತ್ತದೆ, ನೋಡಿದ್ದೇನೆ. ಊಟವಾದ ಮೇಲೆ ರಾಮಾಂಜನೇಯ ಗುಡ್ಡದ ಕಡೆ ಒಂದು ಸುತ್ತು. ಆಮೇಲೆ ಬೆಳಿಗ್ಗೆ ಒಂಬತ್ತರ ತಿಂಡಿಯವರೆಗೆ ಬರೀ ನೀರು. ಒಟ್ಟು 14 ಗಂಟೆ. 16ರ ಹಟ ಬಿಟ್ಟೆ.

ಕಷ್ಟವಾಗಿದ್ದು ಹಸಿವಲ್ಲ. ರಾತ್ರಿ ಮನೆಗೆ ಬಂದಾಗ ಇಂಗಿನ ಒಗ್ಗರಣೆಯ ವಾಸನೆ. ಎಲ್ಲರೂ ತಟ್ಟೆ ಮುಂದೆ ಕೂತಿರುತ್ತಾರೆ. ಎರಡು ವಾರ ತುಂಬಾ ಹಿಂಸೆಯಾಯಿತು. ಈಗ ಬಿಸಿನೀರಿನ ಲೋಟ ಹಿಡಿದು ಅವರ ಜೊತೆಗೇ ಕೂರುತ್ತೇನೆ, ಮಾತಾಡುತ್ತೇನೆ.

ಆರು ತಿಂಗಳಿಗೆ ತೂಕ 72ರಿಂದ 67 ಕಿಲೋಗೆ ಇಳಿಯಿತು. ಎಚ್‌ಬಿಎ1ಸಿ 7.0. ಎಲ್ಲ ಉಪವಾಸದ ಫಲ ಅಂತ ನಾನು ಹೇಳಲಾರೆ. ರಾತ್ರಿ ಟಿವಿ ಮುಂದೆ ತಿನ್ನುತ್ತಿದ್ದ ಚಕ್ಕುಲಿ, ನಿಪ್ಪಟ್ಟು ತಾನಾಗೇ ನಿಂತಿತು, ಅದರ ಪಾಲೂ ದೊಡ್ಡದು. ಬೆಳಿಗ್ಗೆ ಖಾಲಿ ಹೊಟ್ಟೆಯ ಸಕ್ಕರೆ ಮಾತ್ರ ಇನ್ನೂ 130ರ ಆಸುಪಾಸು. ನಸುಕಿನಲ್ಲಿ ಲಿವರ್ ತಾನೇ ಸಕ್ಕರೆ ಬಿಡುತ್ತದಂತೆ. ಗ್ಲಿಮೆಪಿರೈಡನ್ನು ಡಾಕ್ಟರು ಪೂರ್ತಿ ನಿಲ್ಲಿಸಿದ್ದಾರೆ. ಮೆಟ್‌ಫಾರ್ಮಿನ್ ನಡೆಯುತ್ತಿದೆ.

ನನ್ನನ್ನು ನೋಡಿ ಉಪವಾಸ ಶುರುಮಾಡುತ್ತೇನೆ ಅನ್ನುವ ಗಿರಾಕಿಗಳಿಗೆ ಮೊದಲು ಮಾತ್ರೆಯ ಹೆಸರು ಕೇಳುತ್ತೇನೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಬಸುರಿಯರಿಗೆ ಬೇಡವೇ ಬೇಡ ಅನ್ನುತ್ತೇನೆ, ಡಾಕ್ಟರನ್ನು ಕೇಳದೆ ಒಂದು ಹೊತ್ತೂ ಬಿಡಬೇಡಿ. ದಾರದ ಡಬ್ಬದ ಪಕ್ಕ ಸಕ್ಕರೆ ಡಬ್ಬಿ ಈಗಲೂ ಇಟ್ಟಿದ್ದೇನೆ.