ಮೇಕೆ ರೊಪ್ಪಕ್ಕೆ ಟ್ಯೂಬ್‌ಲೈಟ್ ಹಾಕಿದ್ದು

ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊತ್ತು ಬಂದವರು ನೋಡಿರುತ್ತೀರಿ, ಸೇವಂತಿಗೆ ಹೊಲದ ತುಂಬ ಸಾಲಾಗಿ ಬಲ್ಬುಗಳು. ರಾತ್ರಿ ಉದ್ದವಾದರೆ ಸೇವಂತಿಗೆ ಮೊಗ್ಗು ಕಟ್ಟುತ್ತದೆ. ನಡುವೆ ಬೆಳಕು ಬಿಟ್ಟರೆ ಗಿಡ ಇನ್ನೂ ಹಗಲು ಉದ್ದ ಇದೆ ಅಂದುಕೊಂಡು ಬೆಳೆಯುತ್ತಲೇ ಇರುತ್ತದೆ. ನಮ್ಮ ಪಕ್ಕದ ಹೊಲದಲ್ಲೂ ಇದೇ. ಒಂದು ಸಂಜೆ ಹಾಲು ಕರೆಯುತ್ತಾ ಅದನ್ನೇ ನೋಡುತ್ತಿದ್ದೆ. ಹೂವಿನ ಗಿಡ ಮೋಸ ಹೋಗುವುದಾದರೆ ಮೇಕೆ ಯಾಕೆ ಹೋಗಬಾರದು ಅನ್ನಿಸಿತು.

ಬೆಳಕು ಕೊಟ್ಟು ಹಾಲು ಹೆಚ್ಚಿಸಬಹುದಾ ಅಂತ ಪಶುವೈದ್ಯರನ್ನು ಕೇಳಿದೆ. ಹಸುಗಳಲ್ಲೂ ಮೇಕೆಗಳಲ್ಲೂ ಇದನ್ನು ಮಾಡಿ ನೋಡಿದ್ದಾರೆ ಅಂದರು. ದಿನಕ್ಕೆ 16 ಗಂಟೆ ಬೆಳಕು, 8 ಗಂಟೆ ಕತ್ತಲೆ. ಕತ್ತಲಾದಾಗ ಮೆದುಳಿನಲ್ಲಿ ಮೆಲಟೋನಿನ್ ಅನ್ನುವ ಹಾರ್ಮೋನು ಬರುತ್ತದೆ. ಅದು ಎಷ್ಟು ಹೊತ್ತು ಇರುತ್ತದೆ ಅನ್ನುವುದರ ಮೇಲೆ ಮೈಗೆ ಹಗಲು ಉದ್ದವೋ ಗಿಡ್ಡವೋ ಗೊತ್ತಾಗುತ್ತದೆ. ಹಗಲು ಉದ್ದ ಅಂತ ಅನ್ನಿಸಿದರೆ ಹಾಲಿಗೆ ಬೇಕಾದ ಹಾರ್ಮೋನುಗಳು ಏರುತ್ತವೆ, ಮೇವೂ ಜಾಸ್ತಿ ತಿನ್ನುತ್ತವೆ.

ಅವರ ಮಾತಲ್ಲಿ ನಾನು ಕಿವಿಗೆ ಹಾಕಿಕೊಂಡಿದ್ದು 16 ಗಂಟೆ ಬೆಳಕು ಮಾತ್ರ. ಕತ್ತಲೆಯ ಮಾತು ಗಾಳಿಗೆ ಹೋಯಿತು.

ರೊಪ್ಪದಲ್ಲಿ ನಾಲ್ಕು ಎಲ್‌ಇಡಿ ಟ್ಯೂಬ್ ಹಾಕಿಸಿದೆ, ಒಂದೊಂದೂ 20 ವ್ಯಾಟ್. ನಮ್ಮ ಕಡೆ ಬೆಟ್ಟದಿಂದ ಚಿರತೆ ಇಳಿಯುವ ಭಯ ಬೇರೆ. ಹೇಗೂ ಲೈಟ್ ಇದೆಯಲ್ಲ, ರಾತ್ರಿಯಿಡೀ ಉರಿಯಲಿ ಅಂತ ಬಿಟ್ಟೆ. ಪಕ್ಕದ ಹೊಲದವರು ಬೇಲಿಯಾಚೆಯಿಂದಲೇ ನಕ್ಕರು. "ಏನಣ್ಣಾ, ಮೇಕೇಲೂ ಹೂ ಬಿಡಿಸ್ತೀಯಾ?"

ಮೂರು ವಾರ ಕಳೆದರೂ ಒಂದು ಲೋಟ ಹಾಲು ಹೆಚ್ಚಾಗಲಿಲ್ಲ. ಮೇಕೆಗಳು ಸರಿಯಾಗಿ ಮಲಗಿ ಮೆಲುಕು ಹಾಕುವುದೂ ಕಡಿಮೆಯಾದ ಹಾಗಿತ್ತು. ಮತ್ತೆ ವೈದ್ಯರ ಹತ್ತಿರ ಹೋದೆ. "ರಾತ್ರಿಯೇ ಇಲ್ಲದಿದ್ದರೆ ಅದಕ್ಕೆ ಹಗಲಿನ ಲೆಕ್ಕ ಎಲ್ಲಿಂದ ಸಿಗಬೇಕು?" ಅಂದರು. ಪೆಚ್ಚಾದೆ.

ಆಮೇಲೆ ಟೈಮರ್ ತಂದೆ. ಬೆಳಗಿನ ಜಾವ ನಾಲ್ಕೂವರೆಗೆ ಲೈಟ್ ಹತ್ತುತ್ತದೆ, ಏಳಕ್ಕೆ ಆರುತ್ತದೆ. ಸಂಜೆ ಐದೂವರೆಗೆ ಹತ್ತಿ ರಾತ್ರಿ ಎಂಟೂವರೆಗೆ ಆರುತ್ತದೆ. ನಡುವಿನ ಹಗಲೂ ಸೇರಿ ಅಲ್ಲಿಗೆ 16 ಗಂಟೆ ಬೆಳಕಾಯಿತು. ಉಳಿದ 8 ಗಂಟೆ ಪೂರ್ತಿ ಕತ್ತಲೆ. ಚಿರತೆಗೆ ಲೈಟಿನ ಬದಲು ಗಟ್ಟಿ ಜಾಲರಿ ಹೊಡೆಸಿದೆ, ಮೊದಲೇ ಮಾಡಬೇಕಾಗಿದ್ದ ಕೆಲಸ ಅದು. ರಾತ್ರಿ ನೋಡಲೇಬೇಕಾದರೆ ಸಣ್ಣ ಕೆಂಪು ಬಲ್ಬ್ ಹಿಡಿದು ಹೋಗುತ್ತೇನೆ.

ಬೆಳಕು ಎಷ್ಟಿರಬೇಕು ಅನ್ನುವುದಕ್ಕೆ ಮೀಟರ್ ಇಲ್ಲ. ಮೇಕೆಯ ಕಣ್ಣಿನ ಮಟ್ಟಕ್ಕೆ ಕೂತು ಪೇಪರ್ ಓದಿ ನೋಡಿದೆ. ಮೂಲೆಯಲ್ಲಿ ಅಕ್ಷರ ಕಾಣಲಿಲ್ಲ, ಒಂದು ಟ್ಯೂಬ್ ಆ ಕಡೆಗೆ ಸರಿಸಿದೆ. ವಾರಕ್ಕೊಮ್ಮೆ ಧೂಳು, ಜೇಡರ ಬಲೆ ಒರೆಸದಿದ್ದರೆ ಅರ್ಧ ಬೆಳಕು ಅಲ್ಲೇ ಹೋಗುತ್ತದೆ. ಕರೆಂಟು ತಿಂಗಳಿಗೆ 13 ಯೂನಿಟ್ ಹೆಚ್ಚಿಗೆ ಬರುತ್ತದೆ, ಅದೇನೂ ಭಾರವಲ್ಲ. ಕರೆಂಟು ಹೋಗುವುದೇ ತಲೆನೋವು. ಒಂದು ದಿನ ಇದ್ದು ಒಂದು ದಿನ ಇಲ್ಲದಿದ್ದರೆ ಮಾಡಿದ್ದೆಲ್ಲ ದಂಡ. ಮನೆಯ ಯುಪಿಎಸ್‌ನಿಂದ ಒಂದು ವೈರ್ ಎಳೆದೆ.

ಫಲ ಬಂತಾ ಅಂತ ತಿಳಿಯಬೇಕಲ್ವಾ? ಹದಿನೈದು ದಿನದ ಅಂತರದಲ್ಲಿ ಈದ ಹತ್ತು ಮೇಕೆಗಳಿದ್ದವು, ಜಮುನಾಪಾರಿ ಮತ್ತು ಬೀಟಲ್ ಮಿಶ್ರ ತಳಿ. ಆರನ್ನು ಲೈಟಿನಡಿ ಬಿಟ್ಟೆ, ನಾಲ್ಕನ್ನು ಹಳೇ ಕೊಟ್ಟಿಗೆಗೆ ಹಾಕಿದೆ. ಎರಡೂ ಕಡೆ ಅದೇ ಅಗಸೆ ಸೊಪ್ಪು, ಅದೇ ಹುರುಳಿ ಹೊಟ್ಟು, ಅದೇ ಹಿಂಡಿ. ಶುರುವಿನಲ್ಲಿ ಎಲ್ಲವೂ ಸುಮಾರು ಒಂದೂಕಾಲು ಲೀಟರ್ ಕೊಡುತ್ತಿದ್ದವು. ಆರು ವಾರ ಆದ ಮೇಲೆ ಹಳೇ ಕೊಟ್ಟಿಗೆಯವು ಒಂದು ಲೀಟರಿನ ಹತ್ತಿರಕ್ಕೆ ಇಳಿದಿದ್ದವು. ಲೈಟಿನಡಿಯವು 1.2 ಲೀಟರ್ ಬಿಟ್ಟು ಕೆಳಗೆ ಬರಲಿಲ್ಲ. ಅಂದರೆ ಹಾಲು ಏರಿದ್ದಲ್ಲ, ಇಳಿಯುವುದು ನಿಧಾನವಾಯಿತು. ಆ ಆರು ಮೇಕೆಗಳು ರಾತ್ರಿ ಎಂಟು ಗಂಟೆಗೂ ಗೋದಲಿಯಲ್ಲಿ ತಲೆ ಹಾಕಿ ತಿನ್ನುತ್ತಿದ್ದವು. ಹಾಗಾಗಿ ಹೆಚ್ಚಿನ ಹಾಲು ಬೆಳಕಿನದೋ ಮೇವಿನದೋ ಅಂತ ನಾನು ಆಣೆ ಮಾಡಿ ಹೇಳಲಾರೆ. ಹೆಚ್ಚಿಗೆ ಮೇವು ಕೊಡದೆ ಬರೀ ಲೈಟ್ ಹಾಕಿದರೆ ಮೇಕೆ ಸೊರಗಬಹುದು.

ಇನ್ನೊಂದು ಮಾತು. ಯೂಟ್ಯೂಬ್‌ನಲ್ಲಿ ಹೊರದೇಶದ ಫಾರಂ ನೋಡಿ ಅಷ್ಟೇ ಲಾಭ ಲೆಕ್ಕ ಹಾಕಬೇಡಿ. ನೆದರ್ಲೆಂಡ್ಸ್‌ನಲ್ಲಿ ಡಿಸೆಂಬರ್ ಹಗಲು 8 ಗಂಟೆಯೂ ಇರುವುದಿಲ್ಲ, ಜೂನ್‌ನಲ್ಲಿ 16 ಗಂಟೆ ದಾಟುತ್ತದೆ. ಅಲ್ಲಿ ಹಗಲು ಗಿಡ್ಡವಾಗುತ್ತಾ ಬಂದಾಗ ಮೇಕೆಗಳು ಬೆದೆಗೆ ಬರುತ್ತವೆ, ವಸಂತದಲ್ಲಿ ಈಯುತ್ತವೆ, ಚಳಿಗಾಲಕ್ಕೆ ಹಾಲು ಕಡಿಮೆ. ಲೈಟ್ ಅಲ್ಲಿ ದೊಡ್ಡ ಆಯುಧ. ನಮ್ಮಲ್ಲಿ ಅತಿ ಗಿಡ್ಡ ಹಗಲೂ 11 ಗಂಟೆ 20 ನಿಮಿಷದ ಮೇಲಿದೆ, ಅತಿ ಉದ್ದದ್ದು 13 ಗಂಟೆಯ ಒಳಗೇ. ಒಂದೂವರೆ ಗಂಟೆಯ ವ್ಯತ್ಯಾಸ ಅಷ್ಟೇ. ನಮ್ಮ ನಾಡ ಮೇಕೆಗಳು ವರ್ಷದ ಯಾವ ಕಾಲದಲ್ಲೂ ಬೆದೆಗೆ ಬರುತ್ತವೆ, ಅವಕ್ಕೆ ಹೋತವೂ ಹಸಿರು ಮೇವೂ ಸಾಕು.

ಗಬ್ಬದ ಮೇಕೆಗಳನ್ನು ಹಾಲು ಬತ್ತಿಸಿದ ಮೇಲೆ ಲೈಟಿನಡಿ ಇಡಬಾರದಂತೆ. ಆ ಎರಡು ತಿಂಗಳು ಹಗಲು ಗಿಡ್ಡವಾಗಿದ್ದಷ್ಟೂ ಮುಂದಿನ ಸೂಲಿನಲ್ಲಿ ಕೆಚ್ಚಲು ಚೆನ್ನಾಗಿ ತುಂಬುತ್ತದೆ ಅಂತ ವೈದ್ಯರು ಹೇಳಿದರು. ಈಗ ಅಂಥ ಮೂರು ಮೇಕೆ ಹಳೇ ಕೊಟ್ಟಿಗೆಯಲ್ಲಿವೆ. ಸಂಜೆ ಆರೂಕಾಲಿಗೆಲ್ಲ ಅಲ್ಲಿ ಕತ್ತಲೆ. ಲೈಟ್ ಇರುವ ಕಡೆಯಿಂದ ಸೊಪ್ಪು ಅಗಿಯುವ ಸದ್ದು ಕೇಳಿದರೆ ಬಾಗಿಲಿಗೆ ಬಂದು ಕೂಗುತ್ತವೆ.