ಲೇಯರ್ ಕೋಳಿಗೆ ಬಾರ್ಲಿ: ನನ್ನ ಅನುಭವ

ಬಾರ್ಲಿ ಹಾಕಬೇಡ, ಕೇಜ್ ಕೆಳಗೆ ಕೆಸರುಗದ್ದೆ ಆಗುತ್ತದೆ ಅಂತ ಎಲ್ಲರೂ ಹೇಳಿದ್ದರು. ಆಯಿತು ಕೂಡ. ಆದರೂ ಈಗ ಒಂದು ವರ್ಷದ ಮೇಲಾಯಿತು, ನನ್ನ 5000 ಲೇಯರ್‌ಗಳು ಬಾರ್ಲಿ ತಿಂದುಕೊಂಡೇ ಮೊಟ್ಟೆ ಇಡುತ್ತಿವೆ.

2024ರಲ್ಲಿ ಮೆಕ್ಕೆಜೋಳದಿಂದ ಎಥೆನಾಲ್ ಮಾಡುವವರ ಪೈಪೋಟಿಗೆ, ನಾವು ಕೋಳಿಗೆ ಹಾಕುವ ಮೆಕ್ಕೆಜೋಳ ಕ್ವಿಂಟಲಿಗೆ 2500ರ ಆಸುಪಾಸು ಹೋಯಿತಲ್ಲ, ಆಗ ಹಿಡಿದ ಹುಚ್ಚು ಇದು. ಮಾಲ್ಟ್ ಮಾಡುವವರು ಜರಡಿ ಹಿಡಿದು ಬಿಟ್ಟ ಬಾರ್ಲಿಯ ಸಣ್ಣ ಕಾಳು ಶೆಡ್ಡಿಗೆ ತಂದು ಹಾಕಿದರೆ ಆಗ 1850 ಬೀಳುತ್ತಿತ್ತು. ಮೇವಿನಲ್ಲಿ ಸೀದಾ 30 ಪರ್ಸೆಂಟ್ ಹಾಕಿಬಿಟ್ಟೆ. ನಾಲ್ಕೇ ದಿನಕ್ಕೆ ಹಿಕ್ಕೆ ಅಂಟುಅಂಟಾಗಿ, ನೂರಕ್ಕೆ ಮೂರೋ ನಾಲ್ಕೋ ಇದ್ದ ಕೊಳಕು ಮೊಟ್ಟೆ ಹದಿನೈದಾಯಿತು. ಅವನ್ನು ವ್ಯಾಪಾರಿ ಒಂದಕ್ಕೆ 50 ಪೈಸೆ ಕಮ್ಮಿ ಮಾಡಿಯೇ ಎತ್ತಿದ. ನೊಣ ಜಾಸ್ತಿಯಾಗಿ ಪಕ್ಕದ ತೋಟದವರ ಹತ್ತಿರ ಬೈಸಿಕೊಂಡೆ, ಗೊಬ್ಬರದ ಲಾರಿಯವನು ಒದ್ದೆ ಮಾಲು ಬೇಡ ಅಂತ ವಾಪಸ್ ಹೋದ.

ಬಾರ್ಲಿಯ ಲೋಳೆ ಕರಗಿಸುವ ಎನ್‌ಝೈಮ್ ಪುಡಿ ಹಾಕು ಅಂದರು, ಹಾಕಿದೆ. ಏನೂ ಆಗಲಿಲ್ಲ. ಎರಡು ತಿಂಗಳು ದುಡ್ಡು ಸುರಿದ ಮೇಲೆ ಗೊತ್ತಾಯಿತು, ನಾನು ತಂದದ್ದು ಗೋಧಿಗೆ ಹಾಕುವ ಬರೀ ಝೈಲನೇಸ್. ಬಾರ್ಲಿಯ ಲೋಳೆ ಬೀಟಾ ಗ್ಲೂಕಾನ್, ಅದಕ್ಕೆ ಬೀಟಾ ಗ್ಲೂಕನೇಸ್ ಬೇಕು. ಚೀಟಿ ಓದದೆ ತಂದದ್ದು ನನ್ನದೇ ತಪ್ಪು, ಬಿಡಿ.

ಆಮೇಲಿಂದ ಯಾವ ಪ್ಯಾಕೆಟ್ ಬಂದರೂ ಲೋಟದಲ್ಲಿ ನೋಡಿಯೇ ಹಾಕುತ್ತೇನೆ. ಬಾರ್ಲಿ ನುಣ್ಣಗೆ ಬೀಸಿ ಎರಡು ಲೋಟದಲ್ಲಿ ಉಗುರುಬೆಚ್ಚಗಿನ ನೀರಿಗೆ ಕಲಸಿ, ಒಂದಕ್ಕೆ ಮಾತ್ರ ಚಿಟಿಕೆ ಎನ್‌ಝೈಮ್. ಎನ್‌ಝೈಮ್ ಸರಿ ಇದ್ದರೆ ಒಂದು ಗಂಟೆಗೆ ಅದು ಹಾಕಿದ್ದು ನೀರುನೀರು, ಹಾಕದ್ದು ಲೋಳೆಲೋಳೆ. ಕುದಿಯುವ ನೀರು ಮಾತ್ರ ಹಾಕಬೇಡಿ, ಹಿಟ್ಟೇ ಬೆಂದು ಗಂಜಿಯಾಗುತ್ತದೆ, ಏನೂ ಗೊತ್ತಾಗುವುದಿಲ್ಲ.

ಇನ್ನು ಕೊಲೆಸ್ಟ್ರಾಲ್ ಕಥೆ. ಇದೇ ಲೋಳೆ ಇರುವ ಓಟ್ಸ್ ತಿಂದರೆ ಮನುಷ್ಯರಿಗೆ ಇಳಿಯುತ್ತದೆ ಅನ್ನುತ್ತಾರಲ್ಲ, ಹಾಗಿದ್ದರೆ ಬಾರ್ಲಿ ಕೋಳಿಯ ಮೊಟ್ಟೆಯನ್ನು ಎರಡು ರೂಪಾಯಿ ಜಾಸ್ತಿಗೆ ಮಾರಬಹುದು ಅಂತ ನನ್ನ ಲೆಕ್ಕ. ಟ್ರೇ ಮೇಲೆ ಅಂಟಿಸಲು ಹೆಸರು ಕೂಡ ಯೋಚಿಸಿಟ್ಟಿದ್ದೆ! ಮೊದಲು ಹಿತ್ತಲಲ್ಲಿ ಇಪ್ಪತ್ತು ಬ್ರಾಯ್ಲರ್ ಸಾಕಿ, ಪರಿಚಯದ ಡಾಕ್ಟರಿಂದ ರೆಕ್ಕೆಯ ರಕ್ತ ತೆಗೆಸಿದೆ. ಎನ್‌ಝೈಮ್ ಇಲ್ಲದೆ ಬಾರ್ಲಿ ತಿಂದವಕ್ಕೆ ಕೊಲೆಸ್ಟ್ರಾಲ್ 140 ಇದ್ದದ್ದು 115ರ ಹತ್ತಿರ ಬಂತು. ಲೋಳೆ ಪಿತ್ತವನ್ನು ಹಿಡಿದು ಹಿಕ್ಕೆಯಲ್ಲಿ ಹೊರಗೆ ಹಾಕುತ್ತದೆ, ಲಿವರ್ ಹೊಸ ಪಿತ್ತ ಮಾಡಲು ಕೊಲೆಸ್ಟ್ರಾಲ್ ಖರ್ಚು ಮಾಡುತ್ತದೆ. ಆದರೆ ಪಿತ್ತ ಹೋದರೆ ಕೊಬ್ಬು ಜೀರ್ಣ ಆಗುವುದು ಹೇಗೆ? 35 ದಿನಕ್ಕೆ ಹೆಚ್ಚುಕಮ್ಮಿ 200 ಗ್ರಾಂ ತೂಕ ಕಮ್ಮಿ. ಎನ್‌ಝೈಮ್ ಹಾಕಿದ ಗುಂಪಿನಲ್ಲಿ ತೂಕ ಬಂತು, ಕೊಲೆಸ್ಟ್ರಾಲೂ ವಾಪಸ್ ಬಂತು.

ಇಷ್ಟಾದರೂ ಆಸೆ ಬಿಡಲಿಲ್ಲ. ಮೊಟ್ಟೆಯನ್ನೇ ಲ್ಯಾಬಿಗೆ ಕಳಿಸಿದೆ, ಸ್ಯಾಂಪಲ್‌ಗೆ ಸುಮಾರು 3000 ಹೋಯಿತು. ಮಾಮೂಲಿ ಮೊಟ್ಟೆ 190 ಮಿಲಿಗ್ರಾಂ, ಬಾರ್ಲಿಯದು 185 ಇರಬೇಕು. ಮರಿಗೆ ಬೇಕಾದ್ದನ್ನು ಕೋಳಿ ಹಳದಿಯಲ್ಲಿ ಇಟ್ಟೇ ಇಡುತ್ತದೆ, ನಾವು ಏನು ತಿನ್ನಿಸಿದರೂ ಅಷ್ಟೇ. ಸ್ಟಿಕ್ಕರ್ ಆಸೆ ಅಲ್ಲಿಗೆ ಮುಗಿಯಿತು.

ಈಗ 20 ಪರ್ಸೆಂಟ್ ದಾಟಿಸುವುದಿಲ್ಲ, ಚಿಕ್ಕ ಮರಿಗಳಿಗೆ ಹಾಕುವುದೇ ಇಲ್ಲ. ಎನ್‌ಝೈಮನ್ನು ಮೊದಲು ಹತ್ತು ಕಿಲೋ ಹಿಟ್ಟಿನಲ್ಲಿ ಬೆರೆಸಿ, ಆಮೇಲೆ ಮಿಕ್ಸರ್‌ಗೆ. ಸ್ವಲ್ಪ ಎಣ್ಣೆ ಜಾಸ್ತಿ ಬೇಕು. ಮೆಕ್ಕೆಜೋಳ ಕಮ್ಮಿಯಾಗಿ ಹಳದಿ ಬಿಳಿಚಿಕೊಂಡದ್ದಕ್ಕೆ ಚೆಂಡುಹೂವಿನ ಪುಡಿ ಹಾಕಿದೆ. ಅದಕ್ಕೂ ಮೊದಲು ನುಗ್ಗೆಸೊಪ್ಪು ಒಣಗಿಸಿ ಹಾಕಿ ನೋಡಿದ್ದೆ, ಬಣ್ಣ ಪರವಾಗಿಲ್ಲ, ಆದರೆ ಸೊಪ್ಪು ಬಿಡಿಸುವ ಕೂಲಿ ಕಟ್ಟಲಾಗಲಿಲ್ಲ. ಎಲ್ಲ ಕಳೆದು ತಿಂಗಳಿಗೆ ಹತ್ತು ಸಾವಿರದ ಮೇಲೆ ಉಳಿಯುತ್ತಿದೆ. ಗೊಬ್ಬರದ ಲಾರಿಯೂ ಬರುತ್ತಿದೆ.

ಬಾರ್ಲಿಯನ್ನು ನೆನೆಸಿ ಒಣಗಿಸಿದರೆ ಎನ್‌ಝೈಮ್ ಖರ್ಚೂ ಕಮ್ಮಿಯಾಗುತ್ತದೆ. ಎಷ್ಟು ಹೊತ್ತು ನೆನೆಸುತ್ತೇನೆ ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ, ಶೆಡ್ಡಿಗೆ ಬಂದು ಚಹಾ ಕುಡಿಯುವವರಿಗೆ ಹೇಳುತ್ತೇನೆ. ಹೋದ ವಾರ ಹೊಸ ಲೋಡ್ ಇಳಿದಿದೆ. ಹೊಸ ಕಾಳಿಗೆ ಹಿಕ್ಕೆ ಇನ್ನೂ ತೆಳ್ಳಗಾಗುತ್ತದೆ ಅಂತ, ಎರಡು ತಿಂಗಳು ಚೀಲ ಬಿಚ್ಚುವುದಿಲ್ಲ.